ಬುಟ್ಟಿ ಹೆಣೆಯುವ ಕೈಗೆ ಬಕೆಟ್ಟು ಕೊಟ್ಟವರು

ಉಡುಪಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬ್ಯಾಂಕಿನಿಂದ ಸುರು ಮಾಡುತ್ತಾರೆ. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ, ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ. ೧೯೨೫ರಲ್ಲಿ ಟಿ.ಎಂ.ಎ. ಪೈ ಮತ್ತು ಜೊತೆಗಾರರು ಹುಟ್ಟುಹಾಕಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ. ಆಮೇಲೆ ೧೯೨೮ರ ಪಿಗ್ಮಿ ಠೇವಣಿ. ಏಜೆಂಟ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುವುದು, ಒಂದು ಕಾಸು ಅತ್ತಿತ್ತ ಆಗದ ಹಾಗೆ ಬರೆದಿಡುವುದು. ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: ಈ ಊರಿನ ಬಂಡವಾಳವೇ ನಿಯತ್ತು. ೨೦೨೦ರ ಏಪ್ರಿಲ್ ೧ರಂದು ಈ ಎರಡೂ ಬ್ಯಾಂಕುಗಳನ್ನು ಬೇರೆ ಬ್ಯಾಂಕುಗಳೊಳಗೆ ಕರಗಿಸಿದಾಗ ಇಲ್ಲಿಯ ಹಿರಿಯರು ಮನೆಯವರೇ ಸತ್ತ ಹಾಗೆ ನೊಂದುಕೊಂಡರು. ಆ ನೋವಿನಲ್ಲಿ ಸುಳ್ಳಿಲ್ಲ.

ನಾನು ಕೇಳುವುದು ಬೇರೆ. ನಿಯತ್ತು ಅಂದರೆ ವಹಿಸಿದ ಕೆಲಸವನ್ನು ಕದಿಯದೆ, ತಪ್ಪಿಸದೆ, ಹೊತ್ತಿಗೆ ಸರಿಯಾಗಿ ಮಾಡುವುದು ಅಂತಾದರೆ, ಈ ಪೇಟೆಯಲ್ಲಿ ಯಾರ ನಿಯತ್ತು ದೊಡ್ಡದು? ಬ್ಯಾಂಕಿನ ಬಾಗಿಲು ತೆರೆಯುವುದಕ್ಕೆ ಎಷ್ಟೋ ಮೊದಲು, ನಸುಕಿನಲ್ಲಿ, ಮನೆಗಳ ಹಿಂಬದಿಯ ಓಣಿಯಲ್ಲಿ ಬಂದು ಕಕ್ಕಸಿನ ಬಕೆಟ್ಟು ಎಳೆದು, ತಲೆಮೇಲೆ ಹೊತ್ತು ಊರಾಚೆ ಸಾಗಿಸಿದವರು ಇದ್ದರಲ್ಲ, ಅವರು ನಾಲ್ಕು ದಿನ ಬಾರದಿದ್ದರೆ ಮಠದ ಬೀದಿಯೂ ಇಲ್ಲ, ಬ್ಯಾಂಕಿನ ಬೀದಿಯೂ ಇಲ್ಲ. ಅವರು ಬಂದರು. ಮಳೆಗಾಲದಲ್ಲೂ ಬಂದರು, ಆಟಿ ತಿಂಗಳ ಮಳೆ ಅಂದರೆ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅವರಲ್ಲಿ ಬಹಳ ಮಂದಿ ಕೊರಗರು.

ಕೊರಗರು ಹುಟ್ಟಾ ಜಾಡಮಾಲಿಗಳಲ್ಲ. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ನಮ್ಮ ಪೇಟೆಯ ಸಭ್ಯರು ಹಾಗೇ ತಿಳಿದುಕೊಂಡಿದ್ದಾರೆ. ಅವರ ಕಸುಬು ಬುಟ್ಟಿ. ಕಾಡಿನ ಯಾವ ಬಳ್ಳಿ ಯಾವ ತಿಂಗಳಲ್ಲಿ ಬಲಿಯುತ್ತದೆ, ಯಾವುದನ್ನು ಸೀಳಿದರೆ ಮುರಿಯುವುದಿಲ್ಲ, ಯಾವುದು ಹುಳ ತಿನ್ನುತ್ತದೆ, ಯಾವುದು ಹತ್ತು ವರ್ಷ ಬಾಳುತ್ತದೆ – ಇದು ಪುಸ್ತಕದಲ್ಲಿ ಇಲ್ಲದ ವಿದ್ಯೆ. ಅನ್ನ ಬಸಿಯುವ ಕುಡ್ಪು, ಅಕ್ಕಿ ಕೇರುವ ತಡ್ಪೆ, ಗೊಬ್ಬರ ಹೊರುವ ಕುರುವೆ. ಕಾಪುವಿನ ಬಯಲಲ್ಲಾಗಲಿ ಕಾರ್ಕಳದ ಬೆಟ್ಟುಗದ್ದೆಯಲ್ಲಾಗಲಿ ಇವರ ಕೈ ಮುಟ್ಟಿದ ಬುಟ್ಟಿ ಇಲ್ಲದೆ ಧನಿಯ ಬೆಳೆ ಅಂಗಳ ದಾಟಿ ಅಟ್ಟಕ್ಕೆ ಹೋಗುತ್ತಿರಲಿಲ್ಲ. ವಿಚಿತ್ರ ನೋಡಿ: ಹೆಣೆದವನು ಅಂಗಳಕ್ಕೆ ಬರಬಾರದು, ಹೆಣೆದ ಕುಡ್ಪು ಅಡಿಗೆಮನೆಗೇ ಹೋಗಬಹುದು. ಬಳ್ಳಿ ಹುಡುಕುವುದರಿಂದ ಅಂಚು ಕಟ್ಟುವವರೆಗೆ ಒಬ್ಬನೇ ಮಾಡುವ ಕೆಲಸ ಅದು. ಮಾಡಿ ಮುಗಿಸಿದ್ದು ಕಣ್ಣೆದುರು ಇರುತ್ತದೆ. ಕೆಲಸಕ್ಕೆ ಅರ್ಥ ಬೇಕು ಅಂತ ಈಗ ಓದಿದವರು ಹೇಳುತ್ತಾರಲ್ಲ, ಆ ಅರ್ಥ ಕೊರಗರ ಕೊಪ್ಪದ ಅಂಗಳದಲ್ಲಿ ಇತ್ತು. ಇಲ್ಲದ್ದು ಬೆಲೆ ಕಟ್ಟುವ ಹಕ್ಕು.

ಮರ್ಯಾದೆಯ ಮಾತು ಬಿಡಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ ೧೮೭೦ರ ದಶಕದಲ್ಲಿ ಇವರ ಬಗ್ಗೆ ಬರೆದ. ೧೯೦೯ರಲ್ಲಿ ಥರ್ಸ್ಟನ್ನನ ದೊಡ್ಡ ಗ್ರಂಥದಲ್ಲೂ ಆ ಸಂಗತಿಗಳು ಬಂದವು. ದಾರಿಯಲ್ಲಿ ಉಗುಳಿದರೆ ದಾರಿ ಮೈಲಿಗೆ ಆಗುತ್ತದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದ ಅಂಡೆ ಕೊರಗರ ಕತೆ ಅಲ್ಲಿದೆ. ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಇಲ್ಲ ಅಂತ ಕಂಪೆನಿ ಸರ್ಕಾರ ೧೮೪೩ರಲ್ಲೇ ಕಾಯಿದೆ ಮಾಡಿತ್ತು. ಆದರೆ ಅಜಲು ಯಾವ ಕೋರ್ಟನ್ನೂ ಕೇಳಿ ಹುಟ್ಟಿದ್ದಲ್ಲ. ಉಗುರು, ಕೂದಲು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ರೋಗ, ಅನಿಷ್ಟ ದಾಟಿಹೋಯಿತು ಅಂತ ನಿಟ್ಟುಸಿರು ಬಿಡುವುದು. ಕಂಬಳದಲ್ಲಿ ಕೋಣಗಳಿಗಿಂತ ಮೊದಲು ಕೊರಗರನ್ನು ಕೆಸರಲ್ಲಿ ಓಡಿಸುವುದು. ಕೂಲಿ ಕೊಡದೆ ಡೋಲು ಬಡಿಸುವುದು. ಇದನ್ನು ಅಪರಾಧ ಅಂತ ಕರ್ನಾಟಕ ಸರ್ಕಾರ ಹೆಸರು ಹಿಡಿದು ಕಾಯಿದೆ ಮಾಡಿದ್ದು ೨೦೦೦ದಲ್ಲಿ. ಇಸವಿಯನ್ನು ಇನ್ನೊಮ್ಮೆ ಓದಿ. ಬೆಂಗಳೂರಿನಲ್ಲಿ ಆಗ ಕಂಪ್ಯೂಟರಿನ ಜಾತ್ರೆ ನಡೆದಿತ್ತು.

ಕಾಡಿಗೆ ಸರ್ಕಾರದ ಬೇಲಿ ಬಿತ್ತು. ಮದ್ರಾಸಿನ ಅರಣ್ಯ ಕಾಯಿದೆ ೧೮೮೨ರದು, ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಬಳ್ಳಿ ತರಲು ಹೋದವನು ಗಾರ್ಡಿನ ಕಣ್ಣಲ್ಲಿ ಕಳ್ಳ. ಮುಂದೆ ಪ್ಲಾಸ್ಟಿಕ್ಕು ಬಂತು, ಕುರುವೆ ಕೇಳುವವರು ಕಡಿಮೆಯಾದರು. ಇತ್ತ ಪೇಟೆ ಬೆಳೆಯುತ್ತಿತ್ತು, ಕಕ್ಕಸುಗಳು ಹೆಚ್ಚಿದವು, ಪುರಸಭೆಗೆ ಕೈ ಬೇಕಾಯಿತು. ಯಾವ ಕೈ? ಯಾರೂ ಯೋಚಿಸಲೇ ಇಲ್ಲ, ಯೋಚಿಸದೆಯೇ ಗೊತ್ತಿತ್ತು. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ಪುರಸಭೆಯ ಕೆಲಸಕ್ಕೆ ಹೋದವರಿಗೆ ಅದು ಬರೀ ನರಕವಾಗಿರಲಿಲ್ಲ. ತಿಂಗಳಿಗೆ ನಗದು ಸಂಬಳ. ಧನಿಯ ಹಟ್ಟಿಯ ಹಂಗಿಲ್ಲ. ಅದಕ್ಕೇ ಅಪ್ಪನ ಕೆಲಸಕ್ಕೆ ಮಗ ನಿಂತ. ಬಿಡುಗಡೆ ಅಂತ ಹಿಡಿದದ್ದೇ ಸಂಕೋಲೆ ಆಯಿತು. ಅಂಬೇಡ್ಕರ್ ೧೯೩೬ರಲ್ಲೇ ಇದನ್ನು ಬಿಡಿಸಿಟ್ಟಿದ್ದರು. ಜಾತಿ ಹಂಚುವುದು ಕೆಲಸವನ್ನಲ್ಲ, ಕೆಲಸಗಾರರನ್ನು. ಅದಕ್ಕೆ ಎರಡು ವರ್ಷ ಮೊದಲು, ೧೯೩೪ರ ಫೆಬ್ರವರಿಯಲ್ಲಿ, ಗಾಂಧಿ ಹರಿಜನ ಪ್ರವಾಸದಲ್ಲಿ ಉಡುಪಿಗೂ ಬಂದುಹೋಗಿದ್ದರು. ಗುಡಿಸುವುದನ್ನು ಗಾಂಧಿ ಪವಿತ್ರ ಸೇವೆ ಅಂದರು. ಆ ಪವಿತ್ರ ಸೇವೆಯ ಹುದ್ದೆಗೆ ಮೇಲಿನ ಬೀದಿಗಳಿಂದ ಅರ್ಜಿ ಬರಲಿಲ್ಲ.

ಈಗ ೧೯೬೮ಕ್ಕೆ ಬರೋಣ. ಆ ವರ್ಷ ಫೆಬ್ರವರಿ ೧ರಂದು ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನುವ ಇಬ್ಬರು ಕರಿಯ ಕಸದ ಕೆಲಸಗಾರರು ನೆನೆಯದಿರಲು ಕಸದ ಲಾರಿಯ ಹಿಂಬದಿಗೆ ಹತ್ತಿದರು. ಕಸ ಅದುಮುವ ಯಂತ್ರ ಕೆಟ್ಟು ತಾನೇ ಚಾಲೂ ಆಗಿ ಇಬ್ಬರನ್ನೂ ಅರೆದುಬಿಟ್ಟಿತು. ಫೆಬ್ರವರಿ ೧೨ರಂದು ೧೩೦೦ ಮಂದಿ ಕೆಲಸ ನಿಲ್ಲಿಸಿದರು. ಎದೆಯ ಮೇಲೆ ತೂಗುಹಾಕಿಕೊಂಡ ಫಲಕದಲ್ಲಿ ಇದ್ದದ್ದು ಸಂಬಳದ ಲೆಕ್ಕ ಅಲ್ಲ, ನಾನು ಮನುಷ್ಯ ಅನ್ನುವ ಮಾತು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ ೪ರಂದು ಅದೇ ಊರಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ ೧೬ರಂದು ಪಟ್ಟಣದ ಆಡಳಿತ ಅವರ ಸಂಘವನ್ನು ಒಪ್ಪಿಕೊಂಡಿತು. ಅಮೆರಿಕದಲ್ಲಿ ಕೆಲಸಕ್ಕೆ ಮರ್ಯಾದೆ ಉಂಟು, ಅಲ್ಲಿ ಎಲ್ಲರೂ ತಮ್ಮ ಕಕ್ಕಸು ತಾವೇ ತೊಳೆಯುತ್ತಾರೆ ಅಂತ ಹೋಗಿಬಂದವರು ಹೇಳುವುದನ್ನು ಕೇಳಿ ನಮಗೆ ಸಾಕಾಗಿದೆ. ಅಲ್ಲಿಯೂ ಊರಿನ ಕಸಕ್ಕೆ ಒಂದು ಬಣ್ಣದ ಕೈ ಬೇಕಿತ್ತು.

ಅದೇ ೧೯೬೮ರಲ್ಲಿ ಉಡುಪಿ ಪುರಸಭೆ ಜನಸಂಘದ ಕೈಗೆ ಬಂತು. ಇಪ್ಪತ್ತೆಂಟರ ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾದರು. ಅವರ ಕಾಲದಲ್ಲಿ ಉಡುಪಿಯಲ್ಲಿ ತಲೆಮೇಲೆ ಮಲ ಹೊರುವುದು ನಿಂತಿತು. ದೇಶದಲ್ಲೇ ಮೊದಲು ಅಂತ ಊರು ಇಂದಿಗೂ ಹೇಳಿಕೊಳ್ಳುತ್ತದೆ. ಅವರ ರಾಜಕೀಯ ನಮ್ಮದಲ್ಲ. ಆದರೆ ತಲೆಯಿಂದ ಬಕೆಟ್ಟು ಇಳಿದದ್ದು ಇಳಿದದ್ದೇ. ಆಮೇಲೆ ದೇವರಾಜ ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿ ಇಡೀ ರಾಜ್ಯಕ್ಕೇ ಈ ನಿಷೇಧ ತಂದರು. ಅದು ಒಬ್ಬ ದಲಿತ ಮಾಡಿದ ಕಾನೂನು. ಅದೇ ಮನುಷ್ಯ ೧೯೭೩ರ ನವೆಂಬರಿನಲ್ಲಿ ಮೈಸೂರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಅಂದದ್ದಕ್ಕೆ ಕುರ್ಚಿ ಬಿಡಬೇಕಾಯಿತು. ಮಲ ಹೊರಿಸಿದ್ದಕ್ಕೆ ಯಾವ ಪುರಸಭೆಯವರೂ ಕುರ್ಚಿ ಬಿಟ್ಟ ಸುದ್ದಿ ನಾನು ಕೇಳಿಲ್ಲ.

ಮೆಂಫಿಸಿಗೂ ಉಡುಪಿಗೂ ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಅಲ್ಲಿ ಹೊತ್ತವರೇ ನಿಲ್ಲಿಸಿದರು. ಇಲ್ಲಿ ಹೊರಿಸಿದವರ ಕಡೆಯಿಂದ ಠರಾವು ಆಯಿತು. ಹಾಗಾಗಿ ಬಕೆಟ್ಟು ಹೋಯಿತು, ಯಜಮಾನಿಕೆ ಉಳಿಯಿತು. ಇಳಿಸಿಕೊಂಡ ಕೈಗೆ ಪೊರಕೆ ಬಂತು, ಚರಂಡಿಯ ಸಲಾಕೆ ಬಂತು, ಹೊಂಡದ ಪೈಪು ಬಂತು. ೧೯೬೯ರ ಡಿಸೆಂಬರಿನಲ್ಲಿ ಉಡುಪಿಯಲ್ಲೇ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ಸೇರಿ, ಮಠಾಧೀಶರ ಸಮಕ್ಷಮ, ಹಿಂದೂಗಳೆಲ್ಲ ಸೋದರರು ಅಂತ ಘೋಷಿಸಿತು. ಸೋದರರು ಸರಿ. ಮರುದಿನ ಬೆಳಿಗ್ಗೆ ಸಮ್ಮೇಳನದ ಎಂಜಲೆಲೆ ಎತ್ತುವುದು ಯಾವ ಸೋದರ ಅಂತ ಠರಾವಿನಲ್ಲಿ ಬರೆಯಬೇಕಾಗಿರಲಿಲ್ಲ.

ಕಾಯಿದೆಗಳಿಗೇನೂ ಬರ ಇಲ್ಲ ಮಾರಾಯ್ರೆ. ೧೯೭೦ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಐನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. ಸರ್ಕಾರ ಮುಂದೆ ಅದನ್ನು ಏಳುನೂರಕ್ಕೆ ಒಬ್ಬ ಎಂದು ಹಿಗ್ಗಿಸಿತು. ೧೯೯೩ರಲ್ಲಿ ಒಂದು ಕೇಂದ್ರ ಕಾಯಿದೆ, ೨೦೧೩ರಲ್ಲಿ ಇನ್ನೊಂದು. ಗುಂಡಿಗಿಳಿದು ಸತ್ತವನ ಮನೆಯವರಿಗೆ ಹತ್ತು ಲಕ್ಷ ಅಂತ ೨೦೧೪ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ೨೦೨೩ರಲ್ಲಿ ಅದನ್ನೇ ಮೂವತ್ತು ಲಕ್ಷ ಮಾಡಿತು. ಸಾವಿನ ದರ ಏರಿತು, ಇಳಿಯುವುದು ನಿಲ್ಲಲಿಲ್ಲ. ಪುರಸಭೆಗೂ ಕೆಲಸಗಾರನಿಗೂ ನಡುವೆ ಗುತ್ತಿಗೆದಾರ ಬಂದು ಕೂತ. ಗುತ್ತಿಗೆಯವರು ಹಾಜರಿ ಪುಸ್ತಕದಲ್ಲಿ ಇಪ್ಪತ್ತು ಹೆಸರು ಬರೆದು ಹದಿನೈದು ಜನರಿಂದ ಗುಡಿಸಿದರೆ ಅದು ವ್ಯವಹಾರ. ಗುಡಿಸುವವಳು ಜ್ವರದಲ್ಲಿ ಒಂದು ಗಂಟೆ ತಡ ಮಾಡಿದರೆ ನಿಯತ್ತಿಲ್ಲದವಳು. ೨೦೨೨ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತ ಮೇಲೆಯೇ ಸರ್ಕಾರ ೧೧,೧೩೩ ಮಂದಿಯನ್ನು ಖಾಯಂ ಮಾಡುವ ಮಾತಿಗೆ ಬಂದದ್ದು. ಮೆಂಫಿಸಿನ ಪಾಠ ತಡವಾಗಿಯಾದರೂ ಇಲ್ಲಿಗೂ ತಲುಪಿತು ಅನ್ನಬೇಕು.

ಕೊರಗರು ತಾವಾಗಿ ಎದ್ದದ್ದೂ ಉಂಟು, ಅದನ್ನು ಬರೆಯದಿದ್ದರೆ ಈ ಲೇಖನವೂ ಬ್ಯಾಂಕಿನ ಚರಿತ್ರೆಯ ಹಾಗೆಯೇ ಆಗುತ್ತದೆ. ಅವರು ಕೇಳಿದ್ದು ಒಳ್ಳೆಯ ಪೊರಕೆಯನ್ನಲ್ಲ, ನೆಲವನ್ನು. ಈಗ ಕಾಪು ತಾಲೂಕಿಗೆ ಸೇರಿದ ಪೆರ್ನಾಲಿನ ಸಮಗ್ರ ಗ್ರಾಮೀಣ ಆಶ್ರಮದ ಒಡನಾಟದಲ್ಲಿ ಕೊಪ್ಪಗಳಲ್ಲಿ ಸಂಘಗಳು ಕಟ್ಟಿಕೊಂಡವು. ೧೯೯೩ರ ಆಗಸ್ಟ್ ೧೮ರಂದು ಮಂಗಳೂರಿನಲ್ಲಿ ಕೊರಗರು ಭೂಮಿ ಕೇಳಿ ಬೀದಿಯಲ್ಲಿ ನಡೆದರು. ಊರಿನ ಉತ್ಸವಕ್ಕೆ ಬಡಿಯಬೇಕಾಗಿದ್ದ ಡೋಲನ್ನು ಅಂದು ತಮಗಾಗಿ ಬಡಿದರು. ಡಾ. ಮಹಮ್ಮದ್ ಪೀರ್ ವರದಿ ೧೯೯೪ರಲ್ಲಿ ಬಂತು. ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದಿತು. ಅಜಲು ನಿಷೇಧ ಬಂದದ್ದೂ ಈ ಒತ್ತಡದ ಬೆನ್ನಿಗೇ. ಆಗಸ್ಟ್ ೧೮ನ್ನು ಅವರು ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಎರಡೂವರೆ ಎಕರೆಗೆ ಕಾಯುತ್ತಿರುವ ಕುಟುಂಬಗಳು ಹಬ್ಬಕ್ಕೂ ಬರುತ್ತವೆ, ಮರುದಿನ ಅರ್ಜಿ ಹಿಡಿದು ಕಚೇರಿಗೂ ಹೋಗುತ್ತವೆ.

ಜನಗಣತಿಯ ಲೆಕ್ಕ ನೋಡಿ. ಕರ್ನಾಟಕದಲ್ಲಿ ಕೊರಗರು ೨೦೦೧ರಲ್ಲಿ ಹದಿನಾರು ಸಾವಿರ. ೨೦೧೧ರಲ್ಲಿ ಹದಿನೈದು ಸಾವಿರವೂ ಇಲ್ಲ. ನಾಡಿನ ಜನ ಏರುತ್ತಿರುವಾಗ ಇವರು ಇಳಿಯುತ್ತಿದ್ದಾರೆ. ನಮ್ಮ ಬಂಡಾಯದ ಪುಟಗಳಲ್ಲೂ ಇವರ ಮಾತು ಬಂದದ್ದು ಕಡಿಮೆ. ಕರಾವಳಿ ಅಂದರೆ ನಮಗೂ ಭೂತದ ಕೋಲ, ಯಕ್ಷಗಾನ, ಬಹಳ ಆದರೆ ಬೀಡಿಯ ಹೆಂಗಸರು. ೨೦೧೬ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಉಡುಪಿ ಚಲೋ’ ಬಂದಾಗ ಆಹಾರ ನಮ್ಮದು, ಭೂಮಿ ನಮ್ಮದು ಅಂತ ಅಜ್ಜರಕಾಡಿನವರೆಗೆ ಕೂಗಿದೆವು. ಕೂಗಿ ಬಸ್ಸು ಹತ್ತಿದೆವು. ಅಂದು ನಾವು ಬಿಟ್ಟುಹೋದ ನೀರಿನ ಬಾಟ್ಲಿಗಳನ್ನು ಹೆಕ್ಕಿದವರು ಯಾರು ಅಂತ ನಾನೂ ತಿರುಗಿ ನೋಡಲಿಲ್ಲ.

ಜಿಲ್ಲೆಯ ಕಚೇರಿ ಈಗ ಮಣಿಪಾಲದ ಗುಡ್ಡದ ಮೇಲೆ, ರಜತಾದ್ರಿಯಲ್ಲಿ. ಆ ಗುಡ್ಡದಲ್ಲೇ ೧೯೫೩ರಿಂದ ದೊಡ್ಡ ವೈದ್ಯಕೀಯ ಕಾಲೇಜು, ದೇಶವಿದೇಶದ ಮಕ್ಕಳು. ಈಗ ಡಿಗ್ರಿ ಮುಗಿಸಿದ ಕೊರಗ ಹುಡುಗ ಹುಡುಗಿಯರೂ ಇದ್ದಾರೆ. ಅಂಥ ಒಬ್ಬಳು, ಯಾವ ಕಚೇರಿ ಅಂತ ಬೇಡ, ಅರ್ಜಿ ಕೊಟ್ಟು ನಿಂತಿದ್ದಾಗ ಮೇಜಿನಾಚೆಯವರು ಕಾಗದದಲ್ಲಿ ಜಾತಿಯ ಕಾಲಂ ನೋಡಿ, ಬಹಳ ಒಳ್ಳೆಯ ಮನಸ್ಸಿನಿಂದಲೇ, “ಪೌರಕಾರ್ಮಿಕ ಹುದ್ದೆ ಖಾಲಿ ಉಂಟಲ್ಲ, ಅದಕ್ಕೆ ಹಾಕು ಮಗಾ, ಬೇಗ ಆಗ್ತದೆ” ಅಂದರು. ಅವಳು ಕಾಗದ ವಾಪಸು ತೆಗೆದುಕೊಂಡಳು. ಅವಳ ಅಜ್ಜಿ ಇನ್ನೂ ಬುಟ್ಟಿ ಹೆಣೆಯುತ್ತಾಳಂತೆ, ಆದರೆ ಬಳ್ಳಿ ತರಲು ಕಾಡಿಗೆ ಹೋಗುವಷ್ಟು ಕಾಲಿಲ್ಲ.