‘ಉಳಿದವರು’ ಎಂಬ ತಂಡ

ಮುಂಬಯಿಯ ಪಂಚಕೋನ ಕ್ರಿಕೆಟ್ ಪಂದ್ಯಾವಳಿಯ ಐದು ತಂಡಗಳ ಪೈಕಿ ನಾಲ್ಕಕ್ಕೆ ಜನಾಂಗದ ಇಲ್ಲವೇ ಮತದ ಹೆಸರಿತ್ತು: ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು. ಐದನೆಯದರ ಹೆಸರು ‘ದಿ ರೆಸ್ಟ್’, ಅಂದರೆ ಉಳಿದವರು. ಭಾರತೀಯ ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು, ಯಹೂದಿಗಳು, ಹೀಗೆ ಮೊದಲ ನಾಲ್ಕರಲ್ಲಿ ಹಿಡಿಸದವರೆಲ್ಲ ಅದರೊಳಗೆ ಬಂದರು. ಅರ್ಜಿನಮೂನೆಗಳಲ್ಲಿ ‘ಇತರ’ ಎಂಬ ಕಲಮನ್ನು ತುಂಬಿ ಬಲ್ಲ ಗಡಿನಾಡ ಕನ್ನಡಿಗರಿಗೆ ಈ ಹೆಸರಿನ ಭಾವವನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲಿಗೆ ಇಂತಹ ಹೆಸರನ್ನು ಸಮುದಾಯಗಳು ತಾವೇ ಧರಿಸಿದ್ದವು. ಬಿಳಿಯರ ಜಿಮ್ಖಾನಾದಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. 1848ರಲ್ಲೇ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದ್ದ ಪಾರ್ಸಿಗಳು 1892ರಿಂದ ಯುರೋಪಿಯನ್ನರೊಡನೆ ವರ್ಷವರ್ಷವೂ ಆಡತೊಡಗಿದರು. 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಕೂಡಿಕೊಂಡರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸುವ ಹಂಬಲ ಆ ಹೆಸರುಗಳ ಹಿಂದಿತ್ತು.

ಹೆಸರಿನೊಳಗೆ ಯಾರಿದ್ದರೆಂಬುದು ಬೇರೆಯೇ ಪ್ರಶ್ನೆ. ಧಾರವಾಡದಲ್ಲಿ ಜನಿಸಿದ ಪಳವಣಕರ್ ಬಾಳೂ ಅಸ್ಪೃಶ್ಯವೆನಿಸಿದ್ದ ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಅಂಕಣ ಸಿದ್ಧಪಡಿಸುವ ಕೂಲಿಯಿಂದ ಆರಂಭಿಸಿ, ತಮ್ಮ ಎಡಗೈ ಸ್ಪಿನ್‌ನ ಬಲದಿಂದ ಹಿಂದೂ ತಂಡವನ್ನು ಸೇರಿದರು. ಚೆಂಡು ಅವರ ಕೈಯಿಂದ ಸಹ ಆಟಗಾರರ ಕೈಗೆ ಹೋಗುತ್ತಿತ್ತು. ಚಹಾ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಪಾತ್ರೆಯಲ್ಲಿ ಬರುತ್ತಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ಹೊರನಡೆದರು. ವಿಠ್ಠಲರು ನಾಯಕರಾದದ್ದು 1923ರಲ್ಲಿ. ಹಿಂದೂ ಎಂಬ ಹೆಸರು ಮೈದಾನದಲ್ಲಿ ಒಳಗೊಂಡವರನ್ನು ಊಟದ ಮೇಜಿನಲ್ಲಿ ಒಳಗೊಂಡಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

1937ರಲ್ಲಿ ‘ಉಳಿದವರು’ ಕಣಕ್ಕಿಳಿದರು. ಬ್ರೇಬೋರ್ನ್ ಕ್ರೀಡಾಂಗಣದ ಆಸನ ಹಂಚಿಕೆಯ ವ್ಯಾಜ್ಯದಿಂದ ಆ ವರ್ಷ ಹಿಂದೂಗಳೇ ದೂರ ಉಳಿದರೆಂಬುದು ವಿಚಿತ್ರ. ಈ ಹೊಸ ತಂಡ ಪಂದ್ಯಾವಳಿಯನ್ನು ಎಂದೂ ಗೆಲ್ಲಲಿಲ್ಲ. ಅದರ ದೊಡ್ಡ ಕಥೆಯೂ ಸೋಲಿನ ಕಥೆಯೇ. 1943ರ ಡಿಸೆಂಬರಿನ ಅಂತಿಮ ಪಂದ್ಯದಲ್ಲಿ ಹಿಂದೂಗಳು 5 ವಿಕೆಟ್‌ಗಳಿಗೆ 581 ಓಟ ಗಳಿಸಿದ್ದರು. ಫಾಲೋ ಆನ್ ಪಡೆದ ಉಳಿದವರ ಎರಡನೆಯ ಸರದಿಯ 387 ಓಟಗಳಲ್ಲಿ 309 ವಿಜಯ ಹಜಾರೆ ಒಬ್ಬರವು. ತಮ್ಮ ವಿವೇಕ ಹಜಾರೆ 21 ಓಟ ಗಳಿಸಿ, 300 ಓಟಗಳ ಜೊತೆಯಾಟದಲ್ಲಿ ಅಣ್ಣನಿಗೆ ಒತ್ತಾಸೆಯಾಗಿ ನಿಂತರು. ಸಾಂಗಲಿಯಲ್ಲಿ ಹುಟ್ಟಿದ ಹಜಾರೆ ಕ್ರೈಸ್ತರು. ಜತ್ತದ ಕನ್ನಡಿಗರಿಗೆ ನೆರೆಯವರಾದ ಈ ಮಹಾನ್ ದಾಂಡಿಗನಿಗೆ ಮುಂಬಯಿಯಲ್ಲಿ ದೊರೆತ ಗುರುತು, ತಾನು ಯಾರಲ್ಲವೆಂಬುದನ್ನು ಹೇಳುವ ಆ ಹೆಸರೊಂದೇ.

1940ರ ಡಿಸೆಂಬರಿನಲ್ಲಿ ಹಿಂದೂ ಜಿಮ್ಖಾನಾದ ಪ್ರತಿನಿಧಿಗಳು ಸಲಹೆ ಕೇಳಿದಾಗ ಗಾಂಧೀಜಿ, ಕಾಲೇಜು ಮತ್ತು ಸಂಸ್ಥೆಗಳ ನಡುವಣ ಪಂದ್ಯ ತಮಗೆ ಅರ್ಥವಾಗುತ್ತದೆ, ಮತಗಳ ನಡುವಣ ಪಂದ್ಯ ಅರ್ಥವಾಗದು ಎಂಬ ನಿಲುವು ತಳೆದರು. ಪಂದ್ಯಾವಳಿಯ ಪರ ನಿಂತವರು ಆಟಗಾರರ ಪರಸ್ಪರ ಸ್ನೇಹವನ್ನೂ ಕಿಕ್ಕಿರಿದ ಪ್ರೇಕ್ಷಕರನ್ನೂ ತೋರಿಸಿದರು. ಅವರ ಮಾತು ಸುಳ್ಳಲ್ಲ. ದೇಶವಿಭಜನೆಯ ಹೊಣೆಯನ್ನು ಕ್ರಿಕೆಟ್ಟಿನ ತಲೆಗೆ ಕಟ್ಟುವುದೂ ಅತಿರೇಕವೇ. ಆದರೆ ಆಡುವವರ ಸ್ನೇಹ ನೋಡುವವರ ಎಣಿಕೆಯನ್ನು ಬದಲಿಸಲಾರದು. ಅಂಕಪಟ್ಟಿಯಲ್ಲಿ ಸೋತದ್ದು ಹನ್ನೊಂದು ಜನರಲ್ಲ, ಒಂದು ಸಮುದಾಯ. ಆ ಹೆಸರುಗಳು ಹೋಗಲೇಬೇಕಿತ್ತು, 1946ರಲ್ಲಿ ಪಂದ್ಯಾವಳಿಯೊಂದಿಗೆ ಹೋದವು.

1934ರಲ್ಲಿಯೇ ಆರಂಭವಾಗಿದ್ದ ರಣಜಿ ಪಂದ್ಯಾವಳಿಯ ತಂಡಗಳಿಗೆ ಪ್ರಾಂತಗಳ, ಸಂಸ್ಥಾನಗಳ ಹೆಸರು. ಅಲ್ಲಿ ಹಜಾರೆ ಮಹಾರಾಷ್ಟ್ರಕ್ಕೂ ಬರೋಡಕ್ಕೂ ಆಡಿದರು. 1973ರಲ್ಲಿ ಮೈಸೂರು ತಂಡ ಕರ್ನಾಟಕವಾಯಿತು. ಕಾಸರಗೋಡಿನ ಕನ್ನಡಿಗ ಕೇರಳದ ಹೆಸರಿನಲ್ಲಿ, ಜತ್ತದವನು ಮಹಾರಾಷ್ಟ್ರದ ಹೆಸರಿನಲ್ಲಿ ಆಡಬಹುದು. ಮನೆಯಲ್ಲಿ ಯಾವ ಭಾಷೆಯಾಡುತ್ತೀ ಎಂದು ಆಯ್ಕೆಗಾರರು ಕೇಳುವಂತಿಲ್ಲ.