ಸೀಳಂಗುಳದ ಮಕ್ಕಳ ಮಾತು ಮತ್ತು ಓದು

ಗರ್ಭಸ್ಥ ಶಿಶುವಿನ ಮುಖಭಾಗಗಳು ಮೊದಲ 12 ವಾರಗಳೊಳಗೆ ಪರಸ್ಪರ ಬೆಸೆದುಕೊಳ್ಳದೆ ಉಳಿದಾಗ ಮೇಲ್ದುಟಿಯಲ್ಲಾಗಲಿ, ಅಂಗುಳದಲ್ಲಾಗಲಿ, ಎರಡರಲ್ಲಿಯೂ ಆಗಲಿ ತೋರುವ ಬಿರುಕಿಗೆ ಸೀಳುತುಟಿ, ಸೀಳಂಗುಳಗಳೆಂದು ಹೆಸರು. ಗ್ರಹಣಕಾಲದಲ್ಲಿ ಗರ್ಭಿಣಿಯು ಹೊರಗೆ ಬಂದುದೇ ಇದಕ್ಕೆ ಕಾರಣವೆಂಬ ನಂಬಿಕೆ ನಿರಾಧಾರವಾದುದು. ಆನುವಂಶಿಕ ಹಾಗೂ ಪರಿಸರದ ಹಲವು ಕಾರಣಗಳು ಇಲ್ಲಿ ಕೂಡಿಕೊಳ್ಳುತ್ತವೆ, ಅದಕ್ಕಾಗಿ ತಾಯಿಯನ್ನು ದೂರುವುದು ಅನ್ಯಾಯ.

ತುಟಿ ಮಾತ್ರ ಸೀಳಿದ್ದರೆ ಮಾತಿಗೆ ಒದಗುವ ತೊಡಕು ಸಾಮಾನ್ಯವಾಗಿ ಅಲ್ಪ. ಅಂಗುಳದ ಸೀಳು ಹಾಗಲ್ಲ. ಪ, ಬ, ತ, ದ, ಕ, ಗ ಮೊದಲಾದ ವ್ಯಂಜನಗಳನ್ನು ನುಡಿಯುವಾಗ ಅಂಗುಳದ ಹಿಂಭಾಗವಾದ ಮೃದುತಾಲುವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಿ, ಉಸಿರನ್ನು ಬಾಯೊಳಗೆ ಒತ್ತಿ ನಿಲ್ಲಿಸಬೇಕು. ಆ ಬಾಗಿಲು ಮುಚ್ಚದಿದ್ದಲ್ಲಿ ಉಸಿರು ಮೂಗಿಗೆ ಸೋರಿ, ‘ಬಾಳೆ’ಯು ‘ಮಾಳೆ’ಯಂತೆಯೂ ‘ದಾರಿ’ಯು ‘ನಾರಿ’ಯಂತೆಯೂ ಕೇಳಿಸುತ್ತದೆ. ಪ್ರತಿಯೊಂದು ವರ್ಗದ ಕೊನೆಯಲ್ಲಿ ಅನುನಾಸಿಕವನ್ನಿರಿಸಿದ ನಮ್ಮ ವರ್ಣಮಾಲೆಯ ಕ್ರಮದಲ್ಲಿಯೇ ಈ ದೋಷದ ಸ್ವರೂಪವನ್ನು ಕಾಣಬಹುದು. ಅಮ್ಮ, ಅಣ್ಣ ಎಂಬ ಕರೆಗಳು ಮಗುವಿಗೆ ಸುಲಭ. ಅಪ್ಪ, ಅಕ್ಕ, ತಾತ ಎಂಬವು ಕಷ್ಟಸಾಧ್ಯ. ಕೆಲವು ಮಕ್ಕಳು ಬಾಯಲ್ಲಿ ತಡೆಯಲಾಗದ ಉಸಿರನ್ನು ಗಂಟಲಲ್ಲಿಯೇ ತಡೆಯಲು ಕಲಿಯುತ್ತವೆ. ಅಂಗುಳವನ್ನು ಹೊಲಿದ ಮೇಲೆಯೂ ಈ ರೂಢಿ ತಾನಾಗಿ ಬಿಡದು. ಶಸ್ತ್ರವೈದ್ಯನು ಮಾಂಸವನ್ನು ಕೂಡಿಸಿಕೊಡಬಲ್ಲನು, ಮಾತನ್ನು ಮಾತ್ರ ಕಲಿಸಿಯೇ ತರಬೇಕು.

ಮಧ್ಯಕಿವಿಯ ನಾಳವನ್ನು ತೆರೆಯುವುದೂ ಅಂಗುಳದ ಸ್ನಾಯುಗಳ ಕೆಲಸವಾದುದರಿಂದ, ಈ ಮಕ್ಕಳ ಕಿವಿಯಲ್ಲಿ ದ್ರವ ಸೇರಿ ಶ್ರವಣ ಮಂದವಾಗುವುದುಂಟು. ಸರಿಯಾಗಿ ಕೇಳದ, ಸರಿಯಾಗಿ ನುಡಿಯಲಾರದ ಧ್ವನಿಯನ್ನು ಅಕ್ಷರಕ್ಕೆ ಹೊಂದಿಸುವುದು ಶ್ರಮದ ಕೆಲಸ. ಒತ್ತಕ್ಷರಗಳಲ್ಲಿ ಆ ಶ್ರಮ ಇನ್ನೂ ಹೆಚ್ಚು. ಎಲ್ಲ ಮಕ್ಕಳೂ ಓದಿನಲ್ಲಿ ಹಿಂದುಳಿಯುವರೆಂದಲ್ಲ. ಹಿಂದುಳಿದವರನ್ನು ಮಂದಬುದ್ಧಿಯವರೆಂದು ಭಾವಿಸುವುದಂತೂ ಘೋರ ತಪ್ಪು.

ತುಟಿಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿಯೂ ಅಂಗುಳವನ್ನು 9ರಿಂದ 18 ತಿಂಗಳೊಳಗೂ ಸರಿಪಡಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಈ ದೋಷವೂ ಸೇರಿದೆ. ವಾಕ್ ಚಿಕಿತ್ಸೆಗೆ ಕನ್ನಡನಾಡಿನ ಮುಖ್ಯ ಕೇಂದ್ರ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಹೇಮಾವತಿಯ ಹಿನ್ನೀರಿನ ದಡದಲ್ಲಿರುವ ಶೆಟ್ಟಿಹಳ್ಳಿಯಂತಹ ಊರಿನಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಕೂಲಿ ಬಿಟ್ಟು ವಾರವಾರವೂ ಹೋಗಿ ಬರುವುದು ತಾಯ್ತಂದೆಯರಿಗೆ ದುಸ್ಸಾಧ್ಯವಾದುದರಿಂದ, ಚಿಕಿತ್ಸಕರು ತೋರಿಸಿಕೊಟ್ಟ ಅಭ್ಯಾಸವನ್ನು ದಿನವೂ ಮನೆಯಲ್ಲಿ ನಡೆಸುವುದೇ ಅಂಥವರಿಗೆ ಮುಖ್ಯ ಆಧಾರ. ಇಂತಹ ಮಗು ತರಗತಿಯಲ್ಲಿದ್ದರೆ ಉಪಾಧ್ಯಾಯರು ಅದನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಓದನ್ನು ಪರೀಕ್ಷಿಸುವಾಗ ಉಚ್ಚಾರಣೆಯೊಂದನ್ನೇ ನೋಡದೆ, ಹೇಳಿದ ಅಕ್ಷರವನ್ನು ಬೆರಳಿಟ್ಟು ತೋರಿಸಲು ಅದಕ್ಕೆ ಅವಕಾಶ ಕೊಡಲಿ.