ನಕ್ಷತ್ರ ಚಿಹ್ನೆಯ ಅರ್ಥ ಬಿಡಿಸುವವರು ಯಾರು?

ಇಸ್ಪೀಟಿನ ರಮ್ಮಿ ಆಟದಲ್ಲಿ ಜೋಕರ್ ಯಾವ ಎಲೆಯ ಜಾಗದಲ್ಲಾದರೂ ಕೂರಬಲ್ಲದು. ಗಣಕದಲ್ಲಿ ಅಂಥದೇ ಕೆಲಸ ಮಾಡುವುದು * ಎಂಬ ನಕ್ಷತ್ರ ಚಿಹ್ನೆ. ಇದಕ್ಕೆ ‘ವೈಲ್ಡ್‌ಕಾರ್ಡ್’ ಎಂಬ ಹೆಸರು ಬಂದದ್ದೂ ಇಸ್ಪೀಟಿನಿಂದಲೇ. ‘ವರದಿ*’ ಎಂದರೆ ‘ವರದಿ’ ಎಂದು ಆರಂಭವಾಗುವ ಕಡತಗಳೆಲ್ಲವೂ ಬಂದಂತೆ. ಪ್ರಶ್ನಾರ್ಥಕ ಚಿಹ್ನೆಯಾದರೋ ಒಂದೇ ಒಂದು ಅಕ್ಷರದ ಬದಲಿಗೆ ನಿಲ್ಲುತ್ತದೆ. ಈ ಚಿಹ್ನೆಗಳ ಅರ್ಥ ಬಿಡಿಸುವವರು ಯಾರು ಎಂಬ ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಹಲವರ ದಿನಗಟ್ಟಲೆಯ ದುಡಿಮೆ ಉಳಿಯುವುದೂ ಅಳಿಯುವುದೂ ಅದನ್ನೇ ಅವಲಂಬಿಸಿದೆ.

ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು 1969ರಲ್ಲಿ ‘ಯುನಿಕ್ಸ್’ ವ್ಯವಸ್ಥೆಯನ್ನು ಕಟ್ಟತೊಡಗಿದರು. ಬಳಕೆದಾರ ಬೆರಳಚ್ಚಿಸಿದ ಆಜ್ಞೆಯನ್ನು ಓದಿ ಕಾರ್ಯರೂಪಕ್ಕೆ ತರುವ ಕ್ರಮವಿಧಿಗೆ ಅಲ್ಲಿ ‘ಶೆಲ್’ ಎಂದು ಹೆಸರು. 1971ರ ನವೆಂಬರ್‌ನಲ್ಲಿ ಹೊರಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲಿಯೇ ‘ಗ್ಲಾಬ್’ ಎಂಬ ಪುಟ್ಟ ಕ್ರಮವಿಧಿಯ ಪ್ರಸ್ತಾಪವಿದೆ. ‘ಗ್ಲೋಬಲ್’ ಪದದ ಮೊಟಕು ರೂಪವಿದು. ನಕ್ಷತ್ರ ಚಿಹ್ನೆ ಕಂಡೊಡನೆ ಶೆಲ್ ಆ ಆಜ್ಞೆಯನ್ನು ಗ್ಲಾಬ್‌ಗೆ ಒಪ್ಪಿಸುತ್ತಿತ್ತು. ಗ್ಲಾಬ್ ಹೊಂದುವ ಹೆಸರುಗಳನ್ನು ಹುಡುಕಿ, ಚಿಹ್ನೆಯ ಜಾಗದಲ್ಲಿ ತುಂಬಿ, ಬಳಿಕ ಆಜ್ಞೆಯನ್ನು ನಡೆಸುತ್ತಿತ್ತು. 1979ರ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ ಈ ಕೆಲಸವನ್ನು ತಾನೇ ವಹಿಸಿಕೊಂಡಿತು.

ಇದರ ಪರಿಣಾಮ ದೂರಗಾಮಿ. ಯುನಿಕ್ಸ್‌ನಲ್ಲಿ ಆಜ್ಞೆಯ ಕೈಗೆ ಸಿಗುವುದು ಹೆಸರುಗಳ ಪಟ್ಟಿ ಮಾತ್ರ. ನಕ್ಷತ್ರ ಚಿಹ್ನೆಯನ್ನು ಅದು ಕಾಣುವುದೇ ಇಲ್ಲ. 1981ರಲ್ಲಿ ಬಂದ ಎಂಎಸ್-ಡಾಸ್‌ನ ದಾರಿ ಬೇರೆ. ಅಲ್ಲಿ ಚಿಹ್ನೆಯ ಅರ್ಥ ಬಿಡಿಸುವ ಹೊಣೆ ಆಯಾ ಆಜ್ಞೆಯದೇ. ಆದ್ದರಿಂದಲೇ ಎಲ್ಲವನ್ನೂ ಅಳಿಸಲು ಹೊರಟವರನ್ನು ಡಾಸ್‌ನ ‘ಡೆಲ್’ ಆಜ್ಞೆ ‘ಖಂಡಿತವೇ?’ ಎಂದು ಕೇಳಬಲ್ಲದಾಗಿತ್ತು. ಯುನಿಕ್ಸ್‌ನ ‘ಆರ್‌ಎಂ’ ಆಜ್ಞೆಗೆ ಅಂಥ ಸುಳಿವು ಸಿಗುವುದಿಲ್ಲ. ತಾತ್ಕಾಲಿಕ ಕಡತಗಳನ್ನಷ್ಟೇ ಅಳಿಸಲು ‘*.ಟಿಎಂಪಿ’ ಎಂದು ಬರೆಯುವಾಗ, ನಕ್ಷತ್ರದ ಮುಂದೆ ಕೈತಪ್ಪಿ ಒಂದು ತೆರಪು ಬಿದ್ದರೆ ಮುಗಿಯಿತು. ಒಂಟಿ ನಕ್ಷತ್ರ ಆ ಕೋಶದ ಕಡತಗಳನ್ನೆಲ್ಲ ಆಹುತಿ ತೆಗೆದುಕೊಳ್ಳುತ್ತದೆ. ಆಮೇಲೆ ‘.ಟಿಎಂಪಿ ಎಂಬ ಕಡತ ಇಲ್ಲ’ ಎಂಬ ದೂರು ಬೇರೆ!

ಹೊಂದುವ ಹೆಸರೇ ಇಲ್ಲದಿದ್ದರೆ? ಇಲ್ಲಿ ಶೆಲ್‌ಗಳಲ್ಲೇ ಒಮ್ಮತವಿಲ್ಲ. ಬೋರ್ನ್ ಶೆಲ್ ಚಿಹ್ನೆಯನ್ನು ಇದ್ದಂತೆಯೇ ಆಜ್ಞೆಗೆ ದಾಟಿಸುತ್ತದೆ. 1989ರ ‘ಬ್ಯಾಷ್’ ಕೂಡ ಅದೇ ಹಾದಿ ಹಿಡಿಯಿತು. ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದ ‘ಸಿ ಶೆಲ್’ ಹಾಗೂ 1990ರ ‘ಜೆಡ್ ಶೆಲ್’ ತಪ್ಪು ತೋರಿಸಿ ಅಲ್ಲಿಗೇ ನಿಲ್ಲುತ್ತವೆ.

ಈ ಕುರುಡುತನಕ್ಕೆ ಮದ್ದು ಬಂದದ್ದು ಇನ್ನೊಂದು ಪರಂಪರೆಯಿಂದ. ಅರ್ಧ ಬರೆದ ಹೆಸರನ್ನು ಯಂತ್ರವೇ ಪೂರ್ತಿಗೊಳಿಸುವ ಸೌಲಭ್ಯ ‘ಟೆನೆಕ್ಸ್’ ಎಂಬ ವ್ಯವಸ್ಥೆಯಲ್ಲಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನ್ ಗ್ರೀರ್ ಅದನ್ನು ಸಿ ಶೆಲ್‌ಗೆ ಅಳವಡಿಸಿದರು. ‘ಟಿ-ಸಿ ಶೆಲ್’ ಹೆಸರಿನ ‘ಟಿ’ ಟೆನೆಕ್ಸ್‌ನ ನೆನಪು. ಈಗ ಜೆಡ್ ಶೆಲ್‌ನಲ್ಲಿ ನಕ್ಷತ್ರ ಬರೆದು ಟ್ಯಾಬ್ ಕೀಲಿ ಒತ್ತಿದರೆ ಸಾಮಾನ್ಯವಾಗಿ ಹೆಸರುಗಳೆಲ್ಲ ಸಾಲಿನಲ್ಲೇ ಬಿಡಿಸಿಕೊಳ್ಳುತ್ತವೆ. ಬ್ಯಾಷ್‌ನಲ್ಲಿ ಕಂಟ್ರೋಲ್-ಎಕ್ಸ್ ಒತ್ತಿ ನಕ್ಷತ್ರ ಒತ್ತಿದರೂ ಅದೇ ಫಲ. ಯಂತ್ರಕ್ಕೆ ಏನು ಅರ್ಥವಾಗಿದೆ ಎಂಬುದು ಆಜ್ಞೆ ಹೊರಡುವ ಮುನ್ನವೇ ಕಣ್ಣಿಗೆ ಬೀಳುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂದರೆ ಅಳಿದ ಕಡತ ಮರಳುವುದಿಲ್ಲ. ನೋಡಿ ಒತ್ತುವವನಿಗೆ ಆ ಭಯವಿಲ್ಲ.